ಕಾಣೆಯಾದ ದೀರ್ಘದ ಪ್ರಕರಣ

ಶನಿವಾರ ಮಧ್ಯಾಹ್ನ 2.40. ಠಾಣೆಗೆ ಬಂದ ಎಪ್ಪತ್ತೆಂಟರ ನಿವೃತ್ತ ಗಡಿಯಾರ ರಿಪೇರಿಯವರು ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಯಾರ ಮೇಲೆ ದೂರು?" ಇನ್‌ಸ್ಪೆಕ್ಟರ್ ಕೇಳಿದರು.

"ಗೊತ್ತಿದ್ದಿದ್ರೆ ನಾನೇ ವಿಚಾರಿಸ್ಕೋತಿದ್ದೆ ಕಣಮ್ಮ. ನಾನು ಸತ್ತೋಗಿದೀನಿ ಅಂತ ಯಾರೋ ಸುದ್ದಿ ಹಬ್ಬಿಸಿದಾರೆ."

"ಯಾವಾಗ ಸತ್ತಿರಂತೆ?" ಪೆನ್ನು ಹಿಡಿದು ಕೇಳಿದ ಕಾನ್‌ಸ್ಟೇಬಲ್, ಇನ್‌ಸ್ಪೆಕ್ಟರ್ ನೋಟ ಕಂಡು ತಲೆ ತಗ್ಗಿಸಿದ.

"ನಿನ್ನೆ ಸಂಜೆಯಂತೆ. ಬೆಳಿಗ್ಗೆ ಕ್ಷೌರದಂಗಡಿಯವನು ನನ್ನ ನೋಡಿ ಬಾಚಣಿಗೆ ಬೀಳಿಸಿಬಿಟ್ಟ. ಅದು ಹೋಗ್ಲಿ. ಇವತ್ತು ಐದಕ್ಕೆ ಕ್ಲಬ್ಬಲ್ಲಿ ಕೇರಂ ಫೈನಲ್. ಹನ್ನೊಂದು ವರ್ಷದಲ್ಲಿ ಇದೇ ಮೊದಲನೇ ಸಲ ನಾನು ಫೈನಲ್ ಮುಟ್ಟಿರೋದು. ಸೆಕ್ರೆಟರಿ ನನ್ನ ಹೆಸರು ಹೊಡೆದು, ತನ್ನ ಭಾವಮೈದುನನ್ನ ಹಾಕ್ಕೊಂಡಿದಾನೆ. ಫೋನ್ ಮಾಡಿದ್ರೆ 'ಇಂಥ ಹೊತ್ತಲ್ಲಿ ತಮಾಷೆನಾ' ಅಂತ ಇಟ್ಬಿಟ್ಟ."

FIR ಸದ್ಯಕ್ಕೆ ಬೇಡ, ಮೊದಲು ವಿಚಾರಣೆ ಎಂದು ಬರೆದುಕೊಂಡು ಇನ್‌ಸ್ಪೆಕ್ಟರ್ 3.05ಕ್ಕೆ ದೂರುದಾರ ಅಜ್ಜನೊಂದಿಗೆ ಜೀಪು ಹತ್ತಿದರು.

ಮೊದಲ ಸಾಕ್ಷಿ, ಅಜ್ಜನ ಮನೆಯಿದ್ದ ಕಟ್ಟಡದ ಕೆಳಗಿನ ಔಷಧಿ ಅಂಗಡಿಯವನು. ಕೇರಂನಲ್ಲಿ ಅಜ್ಜನ ಜೋಡಿ. ಅಜ್ಜನನ್ನು ಕಂಡವನೇ ಗಲ್ಲೆಗೆ ಒರಗಿ ನಿಂತ.

"ಸುದ್ದಿ ಹೇಳಿದ್ದು ಯಾರು?"

"ಯಾರೂ ಹೇಳಿಲ್ಲ ಮೇಡಂ. ಫೋನಲ್ಲೇ ಬಂತು." ವೈಫೈ ಹೆಸರುಗಳ ಪಟ್ಟಿ ತೆರೆದು ತೋರಿಸಿದ. ಇಂಗ್ಲಿಷ್ ಅಕ್ಷರಗಳಲ್ಲಿತ್ತು: AJJA NIDHANA. "ಈ ಬಿಲ್ಡಿಂಗಲ್ಲಿ ಅಜ್ಜ ಅಂದ್ರೆ ಇವರೊಬ್ಬರೇ. ಕ್ಲಬ್ಬಿಗೆ ತಿಳಿಸಿದ್ದು ನಾನೇ."

"ಎರಡು ಮಹಡಿ ಹತ್ತಿ ನೋಡೋಕೆ ಏನಾಗಿತ್ತೋ ನಿಂಗೆ?" ಅಜ್ಜ ಗದರಿದರು.

"ಧೈರ್ಯ ಬರ್ಲಿಲ್ಲ ಅಜ್ಜ. ಔಷಧಿ ಡಬ್ಬಗಳ ಹಿಂದೆ ಕೂತು ಅತ್ತುಬಿಟ್ಟೆ."

ಅಜ್ಜ ಬೈಯುವುದು ಬಿಟ್ಟು ಅವನ ಹೆಗಲು ತಟ್ಟಿದರು.

ಕಾನ್‌ಸ್ಟೇಬಲ್ ಫೋನ್ ಹಿಡಿದು ಮೆಟ್ಟಿಲು ಹತ್ತಿದ. ಹತ್ತಿದಂತೆಲ್ಲ ಸಿಗ್ನಲ್ ಏರಿತು. 3.50ಕ್ಕೆ ಎರಡನೇ ಮಹಡಿಯ ಬಾಗಿಲೊಂದರ ಮುಂದೆ ಪೂರ್ತಿ ತುಂಬಿತು.

"ಮೇಡಂ, ಕೃತ್ಯ ನಡೆದ ಸ್ಥಳ ಮೃತರ ಮನೆಯೇ!"

"ಮೆಲ್ಲಗೆ ಮಾತಾಡ್ರಿ. ಮೃತರು ನಿಮ್ಮ ಹಿಂದೇನೇ ಇದಾರೆ."

ಮನೆಯ ಹಾಲ್‌ನಲ್ಲಿ, ಪುಸ್ತಕದ ಕಪಾಟಿನ ಮೇಲೆ ವೈಫೈ ಡಬ್ಬಿ ಇತ್ತು. ಅಲ್ಲಿ ಪಟ್ಟಿಯಲ್ಲಿ ಇನ್ನೊಂದು ಹೆಸರು ಮೂಡಿತು: MOMMAGALU JORU.

"ಮೊಮ್ಮಗಳು ಜೋರು," ಕಾನ್‌ಸ್ಟೇಬಲ್ ಓದಿದ.

"ಅದು ಊರಿಗೇ ಗೊತ್ತು," ಎಂದರು ಅಜ್ಜ.

ಇನ್‌ಸ್ಪೆಕ್ಟರ್ ಫೋನ್ ಹಿಡಿದು ಹಿಂಭಾಗದಲ್ಲಿದ್ದ ಅಜ್ಜನ ಕೋಣೆಗೆ ಹೋದರು. ಜೋರಿನ ಹೆಸರು ಮಾಯವಾಯಿತು, ಅಜ್ಜನದು ಉಳಿಯಿತು. ಹಾಲ್‌ಗೆ ಮರಳಿದರೆ ಎರಡೂ ಇದ್ದವು. ಅಂದರೆ ಡಬ್ಬಿ ಒಂದೇ, ದಾರಿ ಎರಡು. ಒಂದು ಜೋರಾದರೆ ಇನ್ನೊಂದು? ನೋಟ್‌ಬುಕ್ಕಿನಲ್ಲಿ 'ನಿಧನ' ಎಂದು ಕನ್ನಡದಲ್ಲಿ ಬರೆದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಡುವಿನ ಅಕ್ಷರಕ್ಕೆ ಒಂದು ದೀರ್ಘ ಎಳೆದರು.

"ಅಜ್ಜ, ನೀವು ಸತ್ತಿಲ್ಲ. ನಿಧಾನ, ಅಷ್ಟೇ."

4.15. ಮೊಮ್ಮಗಳು ಕಾಲೇಜಿನಿಂದ ಬಂದಳು.

"ವೈಫೈಗೆ ಎರಡು ಹೆಸರಿಟ್ಟಿದ್ದು ನೀನಾ?"

"ಹೌದು. ಯಾಕೆ?"

"ಯಾವಾಗ?"

"ನಿನ್ನೆ ಸಂಜೆ."

ಔಷಧಿ ಅಂಗಡಿಯವನೂ ಪಕ್ಕದ ಮನೆಯಾಕೆಯೂ ಪಂಚರಾದರು. ಪಂಚನಾಮೆ ಓದಿ ಕೇಳಿದ ಮೊಮ್ಮಗಳು ನಗು ತಡೆಯಲಾಗದೆ ನೆಲಕ್ಕೇ ಕುಸಿದಳು.

"ಬಂಧಿಸೋದಾ ಮೇಡಂ?" ಕಾನ್‌ಸ್ಟೇಬಲ್ ಕೇಳುವಷ್ಟರಲ್ಲಿ ಅಜ್ಜ ಅವಳ ಮಣಿಕಟ್ಟು ಹಿಡಿದಾಗಿತ್ತು.

"ನಡಿಯೇ ಕ್ಲಬ್ಬಿಗೆ! ಬದುಕಿದೀನಿ ಅಂತ ನೀನೇ ಹೇಳು."

4.52ಕ್ಕೆ ಜೀಪು ಎಲ್ಲರನ್ನೂ ಹೊತ್ತು ಕ್ಲಬ್ ತಲುಪಿದಾಗ ಒಳಗೆ ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿ ನಿಂತಿದ್ದರು. ಅಜ್ಜ ಸದ್ದಿಲ್ಲದೆ ಬೋರ್ಡಿನ ಮುಂದೆ ಕೂತು ಸ್ಟ್ರೈಕರ್ ಹೊಡೆದರು. ಟಪ್ಪೆಂದು ಎಲ್ಲರ ಕಣ್ಣೂ ತೆರೆದವು. ಸೆಕ್ರೆಟರಿಯ ಭಾವಮೈದುನ ತಾನಾಗಿಯೇ ಪಕ್ಕಕ್ಕೆ ಸರಿದ. ಬಂದೋಬಸ್ತಿನ ನೆಪದಲ್ಲಿ ಇನ್‌ಸ್ಪೆಕ್ಟರ್ ಕೊನೆಯ ಕಾಯಿನ್‌ವರೆಗೂ ಕದಲಲಿಲ್ಲ. ಅಜ್ಜನ ಜೋಡಿ ಗೆದ್ದಿತು.

ಪ್ರಕರಣ ಮುಕ್ತಾಯಗೊಳಿಸುವ ಮುನ್ನ ಆರೋಪಿ ಮೊಮ್ಮಗಳ ಹೇಳಿಕೆಯನ್ನು ಇನ್‌ಸ್ಪೆಕ್ಟರ್ ತಾವೇ ಬರೆದುಕೊಂಡರು. ಮೊದಲು ವೈಫೈನ ಎರಡೂ ದಾರಿಗೆ ಒಂದೇ ಹೆಸರಿತ್ತು. ಅಜ್ಜನ ಫೋನು ಹಾಲ್‌ನಲ್ಲಿ ಜೋರಿನ ದಾರಿ ಹಿಡಿಯುತ್ತಿತ್ತು, ಕೋಣೆಗೆ ಹೋದರೆ ಆ ದಾರಿ ಗೋಡೆ ದಾಟುತ್ತಿರಲಿಲ್ಲ. ದೂರದಲ್ಲಿರುವ ಅಜ್ಜನ ಅಕ್ಕನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಅಕ್ಕ ಮುನಿಸಿಕೊಂಡು ಫೋನ್ ಇಟ್ಟಳೆಂದು ಅಜ್ಜ ಪ್ರತಿ ಸಲವೂ ಬಹಳ ಹೊತ್ತು ಸುಮ್ಮನೆ ಕೂತಿರುತ್ತಿದ್ದರು. ಅದನ್ನು ನೋಡಲಾಗದೆ ಅವಳು ನಿಧಾನದ, ಆದರೆ ಗೋಡೆ ದಾಟುವ ದಾರಿಯೊಂದನ್ನು ಅವರಿಗೆಂದೇ ಬೇರ್ಪಡಿಸಿದ್ದಳು. ಇಂದು ಬೆಳಿಗ್ಗೆ ಅಕ್ಕ-ತಮ್ಮ ನಲವತ್ತು ನಿಮಿಷ ಮಾತಾಡಿದ್ದರು. ಮಾತು ಒಮ್ಮೆಯೂ ತುಂಡಾಗಿರಲಿಲ್ಲ.