ಎಡಗಿವಿಯಲ್ಲಿದ್ದವನು

ಆರು ಕಾರ್ನಿವಲ್ ಕಾಲ ಎಬೆರ್ ನನ್ನ ಎಡಗಿವಿಯಲ್ಲೇ ಇದ್ದ. ಅವನ ಉಸಿರು ಎಲ್ಲಿ ತುಂಡಾಗುತ್ತೆ, ಯಾವ ಸ್ವರಕ್ಕೆ ಗಂಟಲು ಕೆರೆಯುತ್ತೆ, ನಗು ಬಂದಾಗ ಯಾವ ಅಕ್ಷರ ನುಂಗುತ್ತಾನೆ, ಎಲ್ಲ ನನಗೆ ಗೊತ್ತಿತ್ತು. ಅವನ ಕಣ್ಣಿನ ಬಣ್ಣ ಏನು ಅಂತ ಕೇಳಿದ್ದರೆ ಮಾತ್ರ ಬೆಬ್ಬೆಬ್ಬೆ ಅನ್ನಬೇಕಿತ್ತು.

ನಮ್ಮದು ಮುರ್ಗ, ಅಂದರೆ ಕಾರ್ನಿವಲ್ ಹಬ್ಬದಲ್ಲಿ ವೇದಿಕೆ ಹತ್ತಿ ಹಾಡಿ ನಗಿಸುವ ಮೇಳ; ಅದರ ಪದ್ಧತಿಯೇ ಹಾಗೆ. ಹಾಡುವವರೆಲ್ಲ ಮುಖದ ತುಂಬ ಬಣ್ಣ ಬಳಿದುಕೊಂಡು ಅರ್ಧಚಂದ್ರಾಕಾರದಲ್ಲಿ ನಿಲ್ಲುತ್ತೇವೆ. ಹುಬ್ಬು ಎತ್ತಿದರೆ ಕೊನೆಯ ಬೆಂಚಿನಲ್ಲಿ ಕೂತು ಬ್ರೆಡ್ಡು ಸಾಸೇಜು ತಿನ್ನುತ್ತಿರುವವನಿಗೂ ಕಾಣಬೇಕು. ಪಕ್ಕದವರ ಕಡೆ ಕತ್ತು ತಿರುಗಿಸಿದರೆ ಎಲ್ಬಿಯೊ ಮೇಷ್ಟ್ರು ಗಿಟಾರ್ ಬಡಿದು, "ಅಲ್ಲೇನು ಸಿನಿಮಾ ನಡೀತಿದ್ಯಾ? ಜನ ಮುಂದಿದ್ದಾರೆ!" ಅಂತ ಗದರುತ್ತಾರೆ. ಸಾಲಿನ ಬಲತುದಿ ನನ್ನದು. ನನ್ನ ಎಡಕ್ಕೆ ಎಬೆರ್. ನನಗೆ ಎದುರಾಗಿ, ಆ ಕಡೆಯ ತುದಿಯಲ್ಲಿ ದಪ್ಪ ನೆಲ್ಸನ್. ಹೀಗಾಗಿ ಈ ಆರು ವರ್ಷದಲ್ಲಿ ನನಗೆ ಬಾಯಿಪಾಠವಾದ ಗಂಡಸಿನ ಮುಖ ಅಂದರೆ ನೆಲ್ಸನ್‌ನದು, ಅವನ ಕಟ್ಟಿಸಿಕೊಂಡ ಹಲ್ಲಿನ ಸಮೇತ.

ಮೇಳ ಇಲ್ಲದ ತಿಂಗಳುಗಳಲ್ಲೂ ಅದೇ ಕಥೆ. ಎಬೆರ್ ಬಸ್ ಕಂಡಕ್ಟರ್, ನಾನು ಮೆಡಿಕಲ್ ಶಾಪಿನಲ್ಲಿ. ಸಂಜೆ ಮೇಳದ ತಾಲೀಮು ನಡೆಯುವ ಕ್ಲಬ್ಬಿನ ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತು, ಇಬ್ಬರೂ ಬೀದಿ ನೋಡುತ್ತಾ ಒಂದೇ ಸೋರೆ ಬುರುಡೆಯಿಂದ, ಕೊಳವೆ ಹಚ್ಚಿ, ಮಾಟೆ ಅನ್ನುವ ಕಹಿ ಸೊಪ್ಪಿನ ಚಹಾ ಹೀರುತ್ತಿದ್ದೆವು. ಕಂಕುಳಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಬಿಸಿನೀರು ಹುಯ್ಯುವವಳು ನಾನು, ಹೀರಿ ಬುರುಡೆ ವಾಪಸ್ ಕೊಡುವವನು ಅವನು. ಸಾಕಾದವರು ಕೊಡುವಾಗ "ಥ್ಯಾಂಕ್ಸ್" ಅನ್ನಬೇಕು, ಆಮೇಲೆ ಅವರಿಗೆ ಹುಯ್ಯುವುದಿಲ್ಲ. ಎಬೆರ್ ಯಾವತ್ತೂ ಆ ಮಾತು ಅಂದವನಲ್ಲ. ಸೊಪ್ಪು ಸಪ್ಪೆಯಾಗಿ, ನೀರು ತಣ್ಣಗಾಗಿ, ನಾನೇ ಎದ್ದು ಹೋಗುವವರೆಗೂ ಕೈ ಚಾಚುತ್ತಲೇ ಇರುತ್ತಿದ್ದ.

ಇಷ್ಟು ಸುಖವಾಗಿದ್ದ ನನಗೆ ಮಾರ್ಚ್‌ನಲ್ಲಿ ಸಿನಿಮಾ ಹುಚ್ಚು ಹತ್ತಿತು.

ಬಂದರಿನಲ್ಲಿ ಶೂಟಿಂಗ್ ಆಗುವ ಯಾವುದೋ ಸಿನಿಮಾಗೆ, ನಾಲ್ಕೇ ನಾಲ್ಕು ಮಾತಿನ ಪಾತ್ರಕ್ಕೆ ಆಡಿಷನ್ ಕೊಟ್ಟೆ. ಆರಿಸುತ್ತಿದ್ದ ಹೆಂಗಸು ಒಳ್ಳೆಯವಳೇ. "ಚೆನ್ನಾಗಿ ಅಳ್ತೀಯಮ್ಮ. ಆದ್ರೆ ಕ್ಯಾಮೆರಾ ಇಲ್ಲೇ ಇದೆ, ನೀನು ನದಿ ಆಚೆ ದಡದವರಿಗೆ ಅಳ್ತಿದ್ದೀಯ," ಅಂದಳು. ಅವಮಾನ ಆಯಿತು. ಮನೆಗೆ ಬಂದವಳೇ ಆನ್‌ಲೈನ್‌ನಲ್ಲಿ ಒಂದು ಪುಕ್ಕಟೆ ಕೋರ್ಸಿಗೆ ಸೇರಿಕೊಂಡೆ. ಸಿನಿಮಾ ಪರಿಚಯ, ಆರು ವಾರ. ಮೂರು ವಾರ ಕ್ಯಾಮೆರಾ, ಬೆಳಕು, ಕತ್ತರಿ. ನಾಲ್ಕನೇ ಮತ್ತು ಐದನೇ ವಾರ ನಟನೆ.

ಪಾಠ ಮಾಡುವವಳು ಬೂದು ಸ್ವೆಟರಿನ ಟೀಚರ್. ಎಂದೂ ಕೈ ಆಡಿಸುವುದಿಲ್ಲ, ದನಿ ಏರಿಸುವುದಿಲ್ಲ. "ಕ್ಯಾಮೆರಾಗೆ ಏನನ್ನೂ ತೋರಿಸಬೇಡಿ. ಎದುರಿಗಿರುವವರನ್ನು ನೋಡಿ. ಅವರ ಮುಖದಲ್ಲಿ ಹೊಸದೇನಾದರೂ ಕಾಣುವವರೆಗೆ ಬಾಯಿ ತೆರೆಯಬೇಡಿ," ಅಂದಳು. ನಾನು ತಲೆ ಆಡಿಸಿದೆ, ಬರೆದುಕೊಂಡೆ, ಏನೂ ಅರ್ಥವಾಗಲಿಲ್ಲ. ನಾಲ್ಕನೇ ವಾರ ಒಂದು ನಿಮಿಷದ ವಿಡಿಯೊ ಮಾಡಿ ಕಳಿಸಬೇಕಿತ್ತು: ಫೋನಿಗಾಗಿ ಕಾಯುತ್ತಿರುವ ಹೆಂಗಸು. ಅಂಕ ಕೊಡುವವರು ಎಲ್ಲೆಲ್ಲಿಯದೋ ಊರಿನ ಸಹಪಾಠಿಗಳು. ಅವರಲ್ಲೊಬ್ಬ ಬರೆದ: "ಈಕೆಗೆ ಹೊಟ್ಟೆನೋವು ಅಂತ ಅರ್ಥ ಮಾಡಿಕೊಂಡೆ. ಫೋನು ಯಾಕಿದೆ ತಿಳಿಯಲಿಲ್ಲ."

ವಿಡಿಯೊ ತೆಗೆದವಳು ನನ್ನ ಚಿಕ್ಕಮ್ಮ ನೆಲಿಡಾ. ಮೇಳಕ್ಕೆ ಬಟ್ಟೆ ಹೊಲಿಯುವವಳು, ನನ್ನ ಜೊತೆಗೇ ಇರುವವಳು. ಅದನ್ನು ಓದಿ ಬಾಯಲ್ಲಿದ್ದ ಗುಂಡುಸೂಜಿ ನುಂಗುವಷ್ಟು ನಕ್ಕಳು.

ಐದನೇ ವಾರಕ್ಕೆ ಇಬ್ಬರು ಬೇಕಿತ್ತು. ಒಂದು ಮೇಜು, ಎದುರುಬದುರು ಕುರ್ಚಿ, ಐದು ಸಾಲಿನ ಮಾತು. ಗುರುವಾರ ಸಂಜೆ ಎಬೆರ್‌ನನ್ನು ಕೇಳೋಣ ಅಂತ ಹೋಗಿ ಮೆಟ್ಟಿಲ ಮೇಲೆ ಕೂತು ಬುರುಡೆಗೆ ನೀರು ಹುಯ್ದು ಕೊಟ್ಟೆ. ನಾನು ಬಾಯಿ ತೆರೆಯುವ ಮೊದಲೇ ಅವನು ಬೀದಿ ನೋಡುತ್ತಾ ಹೇಳಿದ.

"ನೋಯೆ, ದೊಡ್ಡ ಮೇಳದವರು ಕರೆದಿದ್ದಾರೆ. ಹೋದ ವರ್ಷ ಮೊದಲ ಬಹುಮಾನ ಹೊಡೆದವ್ರು. ಭಾನುವಾರ ಸಂಜೆ ಆರಕ್ಕೆ ಹೂಂ ಅಥವಾ ಉಹೂಂ ಹೇಳ್ಬೇಕಂತೆ."

ನನ್ನ ಎದೆ ಧಸಕ್ ಅಂದಿತು. ಎದೆ ಧಸಕ್ ಅಂದಾಗ ಮೇಳದವರು ಏನು ಮಾಡುತ್ತಾರೆ? ಹಲ್ಲು ಕಿರಿದು ಹೊಟ್ಟೆಯಿಂದ ದನಿ ಎತ್ತುತ್ತಾರೆ. ನಾನೂ ಎತ್ತಿದೆ.

"ಭೇಷ್! ಹೋಗೋ ಮಾರಾಯಾ! ಯೋಚ್ನೆ ಬೇರೆ ಮಾಡ್ತಾರಾ ಇದಕ್ಕೆ?"

ಎದುರಿನ ಬೇಕರಿಯವನು ಕೂಡ ತಿರುಗಿ ನೋಡಿದ. ಎಬೆರ್ ನೋಡಲಿಲ್ಲ.

"ಹಾಗಂತೀಯಾ?"

"ಹಾಗಂತೀನಿ! ಪುಣ್ಯ ಮಾಡಿದ್ದೀಯ ಕಣೋ ನೀನು!"

ಅವನು ಕೈಯಲ್ಲಿದ್ದದ್ದನ್ನು ಸದ್ದು ಬರುವವರೆಗೆ ಹೀರಿ, ಬುರುಡೆ ನನ್ನ ಮಡಿಲಿಗಿಟ್ಟು, "ಥ್ಯಾಂಕ್ಸ್," ಅಂದ.

ಆ ಮಾತು ಬಿದ್ದ ಗಲಿಬಿಲಿಯಲ್ಲಿ, "ಭಾನುವಾರ ಮಧ್ಯಾಹ್ನ ಬರ್ತೀಯಾ? ಕೋರ್ಸಿಗೊಂದು ಸೀನ್ ಮಾಡ್ಬೇಕು," ಅಂತ ಒದರಿಬಿಟ್ಟೆ. ಬರ್ತೀನಿ ಅಂದು ಹೊರಟುಹೋದ. ಫ್ಲಾಸ್ಕಿನಲ್ಲಿ ಇನ್ನೂ ಅರ್ಧ ನೀರಿತ್ತು.

ಶುಕ್ರವಾರ ಅಂಗಡಿಯಲ್ಲಿ ಕೆಮ್ಮಿನ ಔಷಧಿಗಳನ್ನು ಎರಡು ಸಲ ಜೋಡಿಸಿದೆ. ಮೊದಲು ಹೆಸರಿನ ಪ್ರಕಾರ, ಆಮೇಲೆ ಬಣ್ಣದ ಪ್ರಕಾರ. ಕೂತರೆ ಕಾಲು ಕುಣಿಯುತ್ತಿತ್ತು, ನಿಂತರೆ ಕೂರಬೇಕು ಅನಿಸುತ್ತಿತ್ತು. ಬಸ್ಸು ಹೋದಾಗಲೆಲ್ಲ ಬಾಗಿಲಿಗೆ ಓಡಿದೆ, ಅವನ ಮಾರ್ಗದ ಬಸ್ಸು ನಮ್ಮ ಬೀದಿಗೆ ಬರುವುದೇ ಇಲ್ಲ ಅಂತ ಗೊತ್ತಿದ್ದೂ. ಅವನಿಗೆ ದೊಡ್ಡ ಮೇಳ ಸಿಕ್ಕಿದ್ದಕ್ಕೆ ಖುಷಿಪಡಬೇಕಿತ್ತು. ಬದಲಿಗೆ, ಫೆಬ್ರವರಿಯ ಕಾರ್ನಿವಲ್‌ನಲ್ಲಿ ಎಡಗಿವಿ ಖಾಲಿಯಾಗಿ ನಿಂತ ನನ್ನನ್ನೇ ನೆನೆಸಿಕೊಳ್ಳುತ್ತಿದ್ದೆ. ನಾನು ಅವನನ್ನು ಪ್ರೀತಿಸುತ್ತಿದ್ದೆ. ಎಷ್ಟೋ ವರ್ಷದಿಂದ ಪ್ರೀತಿಸುತ್ತಿದ್ದೆ, ಮತ್ತು ಹೋಗು ಅಂತ ಕೇರಿಗೆಲ್ಲ ಕೇಳುವಂತೆ ಕೂಗಿದವಳೂ ನಾನೇ.

ಕೋರ್ಸಿನವರು ಮೂರು ದೃಶ್ಯ ಕೊಟ್ಟಿದ್ದರು: ಜಗಳ, ಸುಳ್ಳು, ಬೀಳ್ಕೊಡುಗೆ. ಜಗಳ ನನಗೆ ನೀರು ಕುಡಿದಷ್ಟು ಸುಲಭ. ಆದರೂ ಬೆರಳು ಮೂರನೆಯದರ ಮೇಲೇ ಹೋಗಿ ಕೂತಿತು.

ಭಾನುವಾರ ಮೂರು ಗಂಟೆಗೆ ಎಬೆರ್ ಬಂದ. ಕ್ಷೌರ ಮಾಡಿಸಿಕೊಂಡಿದ್ದ, ಇಸ್ತ್ರಿ ಅಂಗಿ. ಅಡುಗೆಮನೆಯಲ್ಲಿ ಮಧ್ಯಾಹ್ನದ ಟೊಮೆಟೊ ಗೊಜ್ಜಿನ ವಾಸನೆ ಇನ್ನೂ ಇತ್ತು. ಕಿಟಕಿಯ ಬೆಳಕಿಗೆ ಮೇಜು ಎಳೆದೆವು. ಚಿಕ್ಕಮ್ಮ ಫೋನ್ ಹಿಡಿದು ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕೂತಳು.

"ಎಲ್ಲಿ ನೋಡ್ಬೇಕು?" ಅಂತ ಎಬೆರ್ ಕೇಳಿದ.

"ನನ್ನನ್ನ."

"ಓ," ಅಂದ. ಕಿವಿ ಕೆಂಪಗಾಯಿತು.

ಅವನ ಮೊದಲ ಸಾಲು, "ನಾನು ಹೊರಡ್ತೀನಿ." ನಾನು, "ಯಾವಾಗ?" ಅವನು, "ಇವತ್ತೇ." ನಾನು, "ಸರಿ. ಇದೊಂದು ಕುಡಿದು ಹೋಗು." ಅವನು, "ಆಯ್ತು." ಅಷ್ಟೆ. ಕುಡಿಯುವುದಕ್ಕೆ ಮಾಟೆ ಇಟ್ಟುಕೊಂಡೆವು, ಇನ್ನೇನು ಇಡುವುದು.

ಮೊದಲ ಸಲ "ಯಾವಾಗ?" ಅನ್ನುವಾಗ ನನ್ನ ಎದೆ ತಾನಾಗಿ ಚಿಕ್ಕಮ್ಮನ ಕಡೆ ತಿರುಗಿತು. ಎರಡನೇ ಸಲ ಎಬೆರ್‌ನದು ತಿರುಗಿತು. ಮೂರನೇ ಸಲ ಇಬ್ಬರೂ ಸೇರಿ ತಿರುಗಿದೆವು, ಹಾಡು ಶುರುವಾಗುವ ಮುಂಚೆ ನಿಲ್ಲುತ್ತೇವಲ್ಲ, ಹಾಗೆ.

"ಅಯ್ಯೋ ನಿಮ್ಮ! ನನ್ನನ್ಯಾಕ್ರೋ ಬೀಳ್ಕೊಡ್ತೀರಿ, ನಾನೆಲ್ಲಿಗೆ ಹೋಗ್ತಿದ್ದೀನಿ?" ಅಂತ ಚಿಕ್ಕಮ್ಮ ಕೂಗಿದಳು.

ಎಂಟು ಸಲವಾಯಿತು. ಹನ್ನೊಂದಾಯಿತು. ಗೋಡೆಯ ಗಡಿಯಾರ ಐದು ಹೊಡೆಯಿತು. ಎಬೆರ್ ಒಂದು ಕಣ್ಣು ಅದರ ಮೇಲೆ ಇಟ್ಟಿದ್ದ.

"ಲೇಟಾಗ್ತಿದ್ಯಾ?" ಅಂತ ಕೇಳಿದೆ.

"ಇಲ್ಲ. ಆರಕ್ಕೆ ಫೋನ್ ಮಾಡ್ಬೇಕಷ್ಟೆ."

"ಇನ್ನೊಂದೇ ಸಲ," ಅಂದೆ.

ಬೂದು ಸ್ವೆಟರಿನವಳ ಮಾತು ನೆನಪಾಯಿತು. ಹೊಸದೇನಾದರೂ ಕಾಣುವವರೆಗೆ ಬಾಯಿ ತೆರೆಯಬೇಡಿ. ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡು ನೋಡಿದೆ.

ಅವನ ಕಣ್ಣು ಜೇನಿನ ಬಣ್ಣದ್ದು, ಎಡಗಣ್ಣು ಒಂದು ಚೂರು ಗಾಢ. ರೆಪ್ಪೆಯಲ್ಲೊಂದು ಬಿಳಿ ಕೂದಲು. ಗಲ್ಲದ ಕೆಳಗೆ ಹಳೆಯ ಗಾಯದ ಗೆರೆ, ಅದರಾಚೆ ಇವತ್ತಿನ ಕ್ಷೌರದ ಗಾಯ. ಕಣ್ಣ ಕೆಳಗೆ ನಿದ್ದೆ ಕೆಟ್ಟ ಕಪ್ಪು. ಮೂರು ರಾತ್ರಿ ನಿದ್ದೆ ಮಾಡದವಳು ನಾನೊಬ್ಬಳೇ ಅಲ್ಲ ಅಂತ ಆಗ ಹೊಳೆಯಿತು. ದೊಡ್ಡ ಮೇಳ ಸೇರುವ ಸಂಭ್ರಮದ ಮುಖ ಅದಾಗಿರಲಿಲ್ಲ.

"ನಾನು ಹೊರಡ್ತೀನಿ," ಅಂದ.

ನೋಡುತ್ತಲೇ ಇದ್ದೆ. ಆಮೇಲೆ, "ಯಾವಾಗ?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಇವತ್ತೇ."

ಸರಿ, ಇದೊಂದು ಕುಡಿದು ಹೋಗು. ಇಷ್ಟೇ ಹೇಳಬೇಕಿದ್ದದ್ದು. ತುಟಿ ತೆರೆದೆ, ಮಾತು ಬರಲಿಲ್ಲ. ಹುಬ್ಬು ಏರಲಿಲ್ಲ, ಕೈ ಮೇಲೇಳಲಿಲ್ಲ. ಗಲ್ಲ ಮಾತ್ರ ಸ್ವಲ್ಪ ನಡುಗಿತು, ತಡೆಯೋಣ ಅಂದರೆ ತಡೆಯಲಾಗಲಿಲ್ಲ. ಎಬೆರ್ ಅದನ್ನು ನೋಡಿದ. ಆರು ವರ್ಷದಲ್ಲಿ ಮೊದಲ ಸಲ ಅವನು ನನ್ನ ಮುಖ ನೋಡುತ್ತಿದ್ದ, ನಾನು ಅವನದು.

"ನೀನು ಅವತ್ತು ಭೇಷ್ ಅಂದ್ಯಲ್ಲ," ಅಂದ ಮೆಲ್ಲಗೆ. ಇದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

"ಅನ್ನೋವಾಗ ನನ್ನ ಮುಖ ನೋಡಿದ್ಯಾ?"

"ಇಲ್ಲ. ಬೀದಿ ನೋಡ್ತಿದ್ದೆ."

"ನಾನೂ ಬೀದಿಗೇ ಹೇಳಿದ್ದು ಕಣೋ."

ಅವನು ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಾನ್ಯಾಕೆ ಹೋಗ್ಬೇಕು ಅಂದ್ಕೊಂಡೆ ಗೊತ್ತಾ? ಬಹುಮಾನಕ್ಕಲ್ಲ. ಆ ಮೇಳದಲ್ಲಿದ್ರೆ ಅವರ ಆಟ ಇಲ್ಲದ ದಿನ ನಿಮ್ಮ ಆಟಕ್ಕೆ ಬಂದು ಜನರ ಮಧ್ಯೆ ಕೂರಬಹುದು. ನಿನ್ನನ್ನ ಎದುರಿಂದ ನೋಡ್ಬಹುದು. ಪಕ್ಕದಲ್ಲಿ ನಿಂತು ನಿಂತು ಸಾಕಾಗಿದೆ ನೋಯೆ. ನೀನು ಹಾಡುವಾಗ ಹೇಗೆ ಕಾಣ್ತೀಯ ಅಂತ ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ."

"ಪೆದ್ದ," ಅಂದೆ. ಅಳು, ನಗು ಎರಡೂ ಒಟ್ಟಿಗೆ ಬಂದವು, ಎರಡೂ ತೀರಾ ಚಿಕ್ಕವು. "ಹೋಗ್ಬೇಡ. ನೀನಿಲ್ಲದೆ ನನಗೆ ಹಾಡೋಕೆ ಬರಲ್ಲ. ಹಾಡೋಕಷ್ಟೇ ಅಲ್ಲ. ಏನಕ್ಕೂ ಬರಲ್ಲ."

"ಇದನ್ನ ಮೆಲ್ಲಗೆ ಹೇಳ್ತಿದ್ದೀಯಲ್ಲ," ಅಂದ ಎಬೆರ್. "ಅದಕ್ಕೇ ನಂಬಿಕೆ ಬರ್ತಿದೆ."

ಅವನು ಮೇಜಿನ ಮೇಲೆ ಬಾಗಿದ್ದು ನೆನಪಿದೆ. ಟೊಮೆಟೊ, ಕಹಿ ಸೊಪ್ಪು, ಷೇವಿಂಗ್ ಸೋಪು, ಮೂರೂ ಬೆರೆತ ಮುತ್ತು ಅದು. ಪಕ್ಕದಲ್ಲಿ ಚಿಕ್ಕಮ್ಮ ಸೊರಸೊರ ಮೂಗೆಳೆಯುತ್ತಿದ್ದಳು. ಆರು ಗಂಟೆಗೆ ಎಬೆರ್ ಹಜಾರಕ್ಕೆ ಹೋಗಿ ಫೋನ್ ಮಾಡಿ "ಉಹೂಂ" ಅಂದ. ಬಂದು ಕೂತು ಬುರುಡೆಗಾಗಿ ಕೈ ಚಾಚಿದ.

"ತಣ್ಣಗಾಗಿದೆ," ಅಂದೆ.

"ಇರಲಿ, ಹುಯ್ಯಿ."

ಇನ್ನೊಂದು ಸಲ ಸೀನ್ ಮಾಡೋಣ ಅಂದರೆ ಆಗಲೇ ಇಲ್ಲ. ಅವನು "ನಾನು ಹೊರಡ್ತೀನಿ" ಅಂದಾಗಲೆಲ್ಲ ಇಬ್ಬರಿಗೂ ನಗು. ಗಡುವು ಮುಗಿಯುತ್ತಿತ್ತು, ಹನ್ನೆರಡನೇ ಸಲದ್ದನ್ನೇ ಕಳಿಸಿದೆ. ಕೊನೆಯಲ್ಲಿ ಚಿಕ್ಕಮ್ಮ ಅಳುತ್ತಾ ಫೋನ್ ಓರೆ ಮಾಡಿದ್ದರಿಂದ ಮುಕ್ಕಾಲು ನಿಮಿಷ ಅಡುಗೆಮನೆಯ ಚಾವಣಿ, ನಮ್ಮ ದನಿ ಮಾತ್ರ. ಮುತ್ತು ಕಾಣುವುದಿಲ್ಲ, ಪುಣ್ಯ.

ವಾರದ ನಂತರ ಅಂಕ ಬಂತು. ಒಬ್ಬಳು, "ನಾಲ್ಕನೇ ಸಾಲು ಹೇಳಿಯೇ ಇಲ್ಲ," ಅಂದಿದ್ದಳು. ಇನ್ನೊಬ್ಬ, "ಚಾವಣಿ ಯಾಕೆ?" ಅಂದಿದ್ದ. ಮೂರನೆಯವನು ಉದ್ದಕ್ಕೆ ಬರೆದಿದ್ದ: "ಇದು ಮೋಸ. ಇವರು ನಟಿಸುತ್ತಿಲ್ಲ, ಯಾರೋ ನಿಜವಾಗಿ ಮಾತಾಡುತ್ತಿದ್ದದ್ದನ್ನು ತೆಗೆದು ಕಳಿಸಿದ್ದಾರೆ. ಸೊನ್ನೆ." ಆ ಸೊನ್ನೆಯನ್ನು ಚಿಕ್ಕಮ್ಮ ಪ್ರಿಂಟ್ ಹಾಕಿಸಿ ಹೊಲಿಗೆ ಮಿಷನ್ನಿನ ಮೇಲೆ ಅಂಟಿಸಿಕೊಂಡಿದ್ದಾಳೆ.

ಸೆಪ್ಟೆಂಬರಿನಲ್ಲಿ ಕ್ಲಬ್ಬಿನಲ್ಲಿ ಮುಂದಿನ ಕಾರ್ನಿವಲ್ಲಿನ ತಾಲೀಮು ಶುರುವಾಯಿತು. ಎಬೆರ್ ಎದುರು ತುದಿ ಕೇಳಿದ. ಎಲ್ಬಿಯೊ ಮೇಷ್ಟ್ರು ದನಿಗಳ ಲೆಕ್ಕ ಕೆಡುತ್ತೆ ಅಂತ ಎರಡು ವಾರ ರಂಪ ಮಾಡಿ ಕೊನೆಗೆ ಒಪ್ಪಿದರು. ಈಗ ನನ್ನ ಎಡಗಿವಿಯಲ್ಲಿ ದಪ್ಪ ನೆಲ್ಸನ್ ಇದ್ದಾನೆ, ಅವನಿಗೆ ಶ್ರುತಿ ಅಂದರೇನು ಅಂತ ಇವತ್ತಿಗೂ ಗೊತ್ತಿಲ್ಲ. ನಾನು ದೂರು ಹೇಳಿಲ್ಲ.

ಮೊದಲ ಹಾಡಿನ ಮೊದಲ ಸಾಲಿಗೇ ಮೇಷ್ಟ್ರು ಗಿಟಾರ್ ಬಡಿದರು.

"ಎಬೆರ್! ಜನ ಮುಂದಿದ್ದಾರೆ!"

"ಗೊತ್ತು ಮೇಷ್ಟ್ರೇ," ಅಂದ ಎಬೆರ್, ನನ್ನನ್ನೇ ನೋಡುತ್ತಾ.