ಲೆವೆಲ್ ಚೆಕ್‌ನಲ್ಲಿ ಹೇಳಿದ ಹೆಸರು

ನನ್ನ ಹಾಡನ್ನು ನಾನು ಮೊದಲ ಸಲ ಬಸ್ಸಿನಲ್ಲಿ ಕೇಳಿದ ದಿನ, ಕಿಟಕಿಯಿಂದ ಹೊರಗೆ ಜಿಗಿದುಬಿಡೋಣ ಅನ್ನಿಸಿತ್ತು.

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೊರಟಿದ್ದ ಪ್ರೈವೇಟ್ ಬಸ್ಸು. ಎರಡು ಸಾವಿರದ ಒಂದನೇ ಇಸವಿಯ ಮಾತು. ಆಗ ನಮ್ಮ ಕಡೆ ಒಂದು ಹಾಡು ಗೆಲ್ಲಬೇಕೆಂದರೆ ರೇಡಿಯೋನೂ ಬೇಡ, ಟೀವಿಯೂ ಬೇಡ. ಬಸ್ ಡ್ರೈವರ್‌ಗಳಿಗೆ ಹಿಡಿಸಿದರೆ ಸಾಕಿತ್ತು. ಡ್ರೈವರ್ ಕ್ಯಾಸೆಟ್ ತುರುಕಿದ. ಅದರ ಕವರಿನ ಮೇಲೆ 'ಕೆಂಪು ರಿಬ್ಬನ್. ಸಾಹಿತ್ಯ, ಸಂಗೀತ, ಗಾಯನ: ನೀಲಗಂಗಾ, ಕೊಟ್ಟೂರು' ಎಂದಿತ್ತು. ನೀಲಗಂಗಾ ಅಂದರೆ ನಾನೇ! ಎದೆ ಡವಡವ. ಇನ್ನೇನು ಕೀಬೋರ್ಡ್ ಶುರುವಾಗಬೇಕು, ಅಷ್ಟರಲ್ಲಿ ಸ್ಪೀಕರಿನಿಂದ ನನ್ನ ದನಿ ಕಿಸಕ್ಕನೆ ನಕ್ಕು ಹೇಳಿತು:

"ಜೋಳದ ಹೊಲದಾಗ ಗುಬ್ಬಿ ಚಿಲಿಪಿಲಿ,
ಅಮರೇಶ ಇಲ್ಲದ ಮನಿಯಾಗ ನಾ ಹೆಂಗ ಇರಲಿ!"

ಆಮೇಲೆ ಹಾಡು ಶುರುವಾಯಿತು. ಯಾರಿಗೆ ಬೇಕಿತ್ತು ಹಾಡು!

"ಛಂದ ಹೆಸರ ಹೇಳ್ಯಾಳ ನೋಡವ್ವ," ಪಕ್ಕದಲ್ಲಿದ್ದ ಅಜ್ಜಿ ನನ್ನ ತೊಡೆ ತಟ್ಟಿದಳು. "ಹೊಸದಾಗಿ ಮದುವಿ ಆಗಿರಬೇಕು, ಪಾಪ."

ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆ ಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದರೆ, ಹೀಗೊಂದು ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿ ಒಳಗೆ ಓಡುತ್ತಾಳೆ. ಒಡಪಿನಲ್ಲಿ ಹೆಸರು ಬಂತೋ, ಅವನೇ ಗಂಡ. ನನಗೆ ಗಂಡ ಇರಲಿಲ್ಲ. ಅಮರೇಶ ಮಾತ್ರ ಇದ್ದ.

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ರೆಕಾರ್ಡಿಂಗ್ ಅಂಗಡಿ. ಗೋಡೆಗೆ ಗೋಣಿಚೀಲ ಹೊಡೆದ ಒಂದು ಕೋಣೆ, ನಡುವೆ ಗಾಜು. ನಮ್ಮಜ್ಜಿ ಬೀಸುವಾಗ ಹಾಡುತ್ತಿದ್ದ ಧಾಟಿಗೆ ನಾನು ನನ್ನ ಮಾತು ಕೂಡಿಸಿದ್ದೆ, ಅವನು ಕೀಬೋರ್ಡಿನ ಬೀಟ್ ಕೂಡಿಸಿದ್ದ. ರೆಕಾರ್ಡಿಂಗ್ ದಿನ ಅವನು ಹೆಡ್‌ಫೋನ್ ಹಾಕಿಕೊಂಡು, "ಏನರ ಮಾತಾಡ್ರಿ, ದನಿ ಲೆವೆಲ್ ನೋಡ್ತೀನಿ," ಅಂದ. ನನಗೆ ನಮ್ಮಕ್ಕನ ಮದುವೆಯ ಒಡಪು ಬಾಯಿಗೆ ಬಂತು. ಹೆಸರಿನ ಜಾಗ ಬಂದಾಗ ಗಾಜಿನಾಚೆ ನೋಡಿದೆ. ಅವನು ಹಣೆಯ ಮೇಲಿನ ಕೂದಲನ್ನು ಮೊಣಕೈಯಿಂದ ಸರಿಸಿಕೊಳ್ಳುತ್ತಾ, ತಲೆ ತಗ್ಗಿಸಿ ಮೀಟರಿನ ಮುಳ್ಳನ್ನೇ ನೋಡುತ್ತಿದ್ದ. ತಮಾಷೆಗೆ ಅವನ ಹೆಸರು ಹಾಕಿಬಿಟ್ಟೆ.

ಅವನ ಕಿವಿ ಕೆಂಪಾದವು. ತಲೆ ಎತ್ತಿದ, ನನ್ನನ್ನು ನೋಡಿದ, ಮತ್ತೆ ತಗ್ಗಿಸಿದ. "ಲೆವೆಲ್ ಸರಿ ಐತ್ರಿ," ಅಂದ. ಅವತ್ತು ಮನೆಗೆ ಹೋಗುವವರೆಗೂ ನಾನು ಒಬ್ಬಳೇ ನಗುತ್ತಿದ್ದೆ.

ಈಗ ನಗು ಎಲ್ಲಿಂದ ಬರಬೇಕು? ಬಸ್ಸಿಳಿದವಳೇ ಅವನ ಅಂಗಡಿಗೆ ನುಗ್ಗಿದೆ.

"ಏನ್ರಿ ಇದು? ಅದನ್ನ ಯಾಕ ಬಿಟ್ರಿ ಕ್ಯಾಸೆಟ್ಟಿನಾಗ?"

"ಮರತೆ ರೀ."

"ಸುಳ್ಳು! ಮಂದಿ ಕ್ಯಾಸೆಟ್ಟಿನ ರೀಲು ಸಿಕ್ಕಾದ್ರ ಪೆನ್ಸಿಲ್ ಹಾಕಿ ಸುತ್ತಿ ಕೊಡೋ ಮನಷಾ ನೀನು. ನೀನು ಮರೀತಿಯಾ?"

'ನೀವು' ಹೋಗಿ 'ನೀನು' ಬಂದಿದ್ದು ನನಗೇ ಆಮೇಲೆ ತಿಳಿಯಿತು. ಅವನಿಗೆ ಆಗಲೇ ತಿಳಿದಿತ್ತು, ಕಳ್ಳ. ತುಟಿಯ ತುದಿಯಲ್ಲಿ ನಗು ಅಡಗಿಸಿಕೊಂಡಿದ್ದ.

ಮನೆಯಲ್ಲಿ ನಗುವವರು ಯಾರೂ ಇರಲಿಲ್ಲ. ಅಪ್ಪ ತೀರಿಹೋದ ಮೇಲೆ ನಮ್ಮವ್ವ ಕೊಟ್ರಮ್ಮ ಕಾಲೇಜಿನ ಎದುರು ಮೆಣಸಿನಕಾಯಿ ಕರಿದು, ಮಂಡಕ್ಕಿ ಕಲಸಿ ಕೊಟ್ಟು ನನ್ನನ್ನು ಓದಿಸಿದವಳು. ಸುದ್ದಿ ಗಿರಾಕಿಗಳ ಜೊತೆಯಲ್ಲೇ ಅವಳ ಬಾಣಲೆಯ ಮುಂದೆ ಬಂದು ನಿಂತಿತ್ತು.

"ಯಾವೂರ ಅಳಿಯ ಅವನು? ನನಗ ಹೇಳದ ಯಾವಾಗ ಮದುವಿ ಮಾಡ್ಕೊಂಡಿ?" ಅವ್ವ ಜಾಲರಿ ಸೌಟು ತೋರಿಸಿ ಕೇಳಿದಳು. "ಆ ಕ್ಯಾಸೆಟ್ ಎಲ್ಲಾ ವಾಪಸ್ ಬರಬೇಕು. ಇಲ್ಲಾಂದ್ರ ಹಾಡೂ ಬ್ಯಾಡ, ಗೀಡೂ ಬ್ಯಾಡ. ಇದ ಕಡೀ ಮಾತು."

ಹಾಡು ಬಿಟ್ಟು ನಾನು ಏನು ಮಾಡಲಿ? ರಾತ್ರಿಯೆಲ್ಲ ಹೊರಳಾಡಿದೆ. ನಿಂತರೆ ಕೂರಬೇಕು, ಕೂತರೆ ನಿಲ್ಲಬೇಕು ಅನ್ನುವ ಜೀವ ನನ್ನದು; ಮೈಕಿನ ಮುಂದೆ ಮಾತ್ರ ಒಂದು ಕಡೆ ನಿಲ್ಲುತ್ತಿತ್ತು. ಅದನ್ನೂ ಕಸಿದುಕೊಂಡರೆ ನನ್ನ ಗತಿ ಏನು?

ಅಮರೇಶ ಒಡಪು ತೆಗೆದು ಹೊಸ ಕ್ಯಾಸೆಟ್ ಮಾಡಿದ. ಅವನ ಟಿವಿಎಸ್ ಗಾಡಿಯಲ್ಲಿ ಊರೂರು ತಿರುಗಿದೆವು. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದು, ಡ್ರೈವರ್‌ನನ್ನು ಹಿಡಿಯುವುದು, ಹಳೇ ಕ್ಯಾಸೆಟ್ ಇಸಿದುಕೊಂಡು ಹೊಸದು ಕೊಡುವುದು. ಕೂಡ್ಲಿಗಿಯ ಡ್ರೈವರ್ ಕೊಡಲೊಲ್ಲೆ ಅಂತ ಪಟ್ಟು ಹಿಡಿದ. "ಹೆಣ್ಮಕ್ಕಳು ಅದನ್ನ ಕೇಳಾಕಂತ ನಮ್ ಬಸ್ ಕಾಯ್ತಾರ್ರಿ. ಅಮರೇಶನ ಜಾಗಕ್ಕ ತಮ್ಮ ತಮ್ಮ ಗಂಡನ ಹೆಸರು ಹಾಕಿ ಕೂಗ್ತಾರ. ಅದನ್ನ ತೆಗೆದ್ರ ಬರೇ ಹಾಡಾತಲ್ಲ!"

"ಬರೇ ಹಾಡು ಅಂದ್ರ ಕಮ್ಮಿ ಏನ್ರಿ?" ನಾನು ಸಿಡುಕಿದೆ.

ಅಮರೇಶ ಅವನ ಹೆಗಲ ಮೇಲೆ ಕೈ ಹಾಕಿ, ಚಾ ಕುಡಿಸಿ, ಕ್ಯಾಸೆಟ್ ಬಿಡಿಸಿಕೊಂಡು ಬಂದ. ಹಡಗಲಿಯಲ್ಲೂ ಹಾಗೇ. ಎಷ್ಟು ಸಲೀಸಾಗಿ, ಎಷ್ಟು ನಗುನಗುತ್ತಾ ಬಿಡಿಸಿಕೊಂಡು ಬರುತ್ತಿದ್ದ ಅಂದರೆ, ನನಗೆ ಮೈಯೆಲ್ಲ ಉರಿಯತೊಡಗಿತು. ಹೆಸರನ್ನು ಕ್ಯಾಸೆಟ್ಟಿನಲ್ಲಿ ಉಳಿಸಿದ್ದಕ್ಕೆ ಬಂದ ಸಿಟ್ಟು ಏನೂ ಅಲ್ಲ. ಈಗ ಅದನ್ನು ಇಷ್ಟು ಶ್ರದ್ಧೆಯಿಂದ ಅಳಿಸುತ್ತಿದ್ದಾನಲ್ಲ, ಆ ಸಿಟ್ಟು!

ಹಡಗಲಿ ದಾರಿಯಲ್ಲಿ ಮಲ್ಲಿಗೆ ತೋಟಗಳು. ಗಾಡಿ ನಿಲ್ಲಿಸಿ ಒಂದು ಮೊಳ ಹೂವು ತಂದ. ನನಗೆ ಕೊಡಲೂ ಇಲ್ಲ, ತಾನು ಇಟ್ಟುಕೊಳ್ಳಲೂ ಇಲ್ಲ, ಹ್ಯಾಂಡಲಿಗೆ ಸುತ್ತಿದ.

"ಗಾಡಿಗೆ ಮುಡಿಸ್ತೀಯೇನು?"

"ಕೊಟ್ರ ಬೈತೀರಿ ಅಂತ."

"ಕೊಟ್ಟು ನೋಡಬೇಕಪ್ಪ. ಬೈಯ್ಯೋದು ಆಮ್ಯಾಲಿನ ಮಾತು."

ಅವನು ಹೂವು ಬಿಡಿಸಿ ಕೈಯಲ್ಲಿಟ್ಟ. ನಾನು ಬೈಯಲಿಲ್ಲ, ಮುಡಿದುಕೊಂಡೆ.

ಹರಪನಹಳ್ಳಿಯ ಬಸ್ಸಿನದೇ ಕೊನೆಯ ಕ್ಯಾಸೆಟ್. ಡ್ರೈವರ್ ಒಳ್ಳೆಯ ಮನುಷ್ಯ, ಕೇಳುವ ಮೊದಲೇ ತೆಗೆದು ಚಾಚಿದ. ಅಮರೇಶ ಕೈ ನೀಡಿದ. ನಾನು ನಡುವೆ ಬಂದು ಅದನ್ನು ಡ್ರೈವರ್ ಕೈಗೇ ಒತ್ತಿದೆ.

"ಇರಲಿ ಇಟ್ಕೋರಿ ಅಣ್ಣ. ದಿನಾ ಹಾಕ್ರಿ."

ಬಸ್ಸು ಹೋಯಿತು. ಅಮರೇಶ ದಿಗಿಲುಬಿದ್ದು ನಿಂತಿದ್ದ. "ಏನ್ ಮಾಡಿದ್ರಿ? ನಿಮ್ಮವ್ವ ಹಾಡು ಬಿಡಸ್ತಾರ!"

"ಮೊದಲು ನಿಜ ಹೇಳು. ಮರತಿದ್ಯಾ?"

ಅವನು ಕೊಡದೆ ಉಳಿದ ಹೊಸ ಕ್ಯಾಸೆಟ್ಟನ್ನು ಜೇಬಿಗಿಟ್ಟ.

"ಇಲ್ಲ. ಅಳಿಸಾಕಂತ ಬಟನ್ ಮ್ಯಾಲೆ ಬೆರಳಿಟ್ಟೆ. ಒತ್ತಾಕ ಆಗಲಿಲ್ಲ. ನನ್ನ ಹೆಸರು ಅಷ್ಟು ಛಂದ ಐತಿ ಅಂತ ನನಗ ಅವತ್ತ ಗೊತ್ತಾತು. ಆದ್ರ ನೀವು ಹಾಡೋದು ನಿಂತ್ರ ನಾ ಬದುಕಾಂಗಿಲ್ಲ, ಅದಕ್ಕ ಎಲ್ಲಾ ತೆಗದೆ. ನನಗ ನೀವಂದ್ರ ಜೀವ ರೀ."

ನನ್ನ ಕಣ್ಣು ತುಂಬಿದವು. ಅಯ್ಯೋ ಪುಣ್ಯಾತ್ಮ, ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಪೆಟ್ರೋಲ್ ಉಳಿಯುತ್ತಿರಲಿಲ್ಲವೇ!

"ನನಗೂ ಅಷ್ಟ," ಅಂದೆ. "ನಡಿ, ನಮ್ಮವ್ವನ ಮುಂದ ಹೇಳು."

"ಏನಂತ ಹೇಳಲಿ?"

"ಹಾಡು ಬಿಡಸಬ್ಯಾಡ್ರಿ ಅಂತ ಕೇಳು. ಹುಡುಗಿನ್ನ ಆಮ್ಯಾಲೆ ಕೇಳಿವಂತಿ."

ಅವ್ವ ಸಂಜೆಯ ಗಿರಾಕಿಗಳಿಗೆ ಮೆಣಸಿನಕಾಯಿ ಬಿಡುತ್ತಿದ್ದಳು. ನಮ್ಮಿಬ್ಬರನ್ನು ನೋಡಿದಳು, ನನ್ನ ತಲೆಯ ಹೂವು ನೋಡಿದಳು.

"ಎಲ್ಲಾ ವಾಪಸ್ ಬಂದ್ವಾ?"

"ಒಂದು ಬಿಟ್ಟೆ," ಅಂದೆ. "ಬೇಕಂತಲೇ ಬಿಟ್ಟೆ."

"ಯಾರು ಇವನು?"

"ಕ್ಯಾಸೆಟ್ಟಿನಾಗ ಇರೋನು."

ಅಮರೇಶ ಒಂದು ಹೆಜ್ಜೆ ಮುಂದೆ ಬಂದ. "ಹಾಡು ಬಿಡಸಬ್ಯಾಡ್ರಿ ಅವ್ವಾರ. ತಪ್ಪು ನನ್ನದು. ಬೇಕಾದ್ರ ನಾನು ಇನ್ನ ಈ ಊರಿಗೆ ಬರಾಂಗಿಲ್ಲ."

ಅವ್ವ ಒಲೆಯ ಉರಿ ಸಣ್ಣ ಮಾಡಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಮಾತಾಡೋ ಮಂದಿಗೆ ಹೆದರಿ ಯಾವನಿಗೋ ಮದುವಿ ಮಾಡಿ ಕೊಟ್ರ, ಅವನು ಮೊದಲ ದಿನಾನ ಇಕಿ ಬಾಯಿ ಮುಚ್ಚಸ್ತಾನ. ನನಗ ಇದ್ದ ಹೆದರಿಕಿ ಅದಪ್ಪ, ಅದಕ್ಕ ಕ್ಯಾಸೆಟ್ ವಾಪಸ್ ಬರಲಿ ಅಂದೆ," ಅಂದಳು. ಅವ್ವನ ದನಿ ಹಾಗೆ ಒಡೆದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆಮೇಲೆ ಸ್ಟೂಲನ್ನು ಕಾಲಿನಿಂದ ಅವನ ಕಡೆ ದೂಡಿದಳು. "ಮದುವಿ ಆದ ಮ್ಯಾಲೂ ಹಾಡ್ತಾಳ. ಮಕ್ಕಳಾದ ಮ್ಯಾಲೂ ಹಾಡ್ತಾಳ. ಒಪ್ಪಿಗಿ ಇದ್ರ ಕೂಡು. ಇಲ್ಲಾಂದ್ರ ನಿಮ್ಮೂರಿಗೆ ಇನ್ನೂ ಬಸ್ ಐತಿ."

ಅಮರೇಶ ಕೂತ. ನನಗೆ ಮಾತ್ರ ಕೂರಲಾಗಲಿಲ್ಲ.