ತೊಲೆಗೆ ಬಳಿದ ನೀಲಿ

"ಮಸೀನಾ, ಅಲುಗಾಡ್ಬೇಡ ಕಣೇ!" ಅಮ್ಮ ಪಿಸುಗುಟ್ಟಿದಳು.

"ಕಾಲು ಜೋಮು ಹಿಡಿದಿದೆ ಅಮ್ಮಾ."

"ಹಿಡೀಲಿ."

ತಲೆ ಮೇಲೆ ಹೊದ್ದ ದೊಡ್ಡ ಚಾಪೆಯೊಳಗೆ ಸೆಕೆಯೋ ಸೆಕೆ. ನಡುವೆ ಮಸೀನಾಳ ತಾತ ಪೆನಿ, ಹಣೆ ನೆಲಕ್ಕೆ ತಾಗುವ ಹಾಗೆ ಬಗ್ಗಿ ಕೂತಿದ್ದ. ಬೆಳಕು ಹರಿದಾಗಿನಿಂದ ಮೂವರೂ ಲುಪೆ ಅಜ್ಜಿಯ ಅಂಗಳದಲ್ಲಿ ಹೀಗೇ ಇದ್ದರು. ಸಮೋವಾದಲ್ಲಿ ದೊಡ್ಡ ತಪ್ಪಿಗೆ ಕ್ಷಮೆ ಕೇಳುವುದು ಹೀಗೆ. ನೊಂದವರೇ ಬಂದು ಚಾಪೆ ಎತ್ತಬೇಕು. ಎತ್ತದೆ ಕಲ್ಲು ಹೊಡೆದರೂ ಎದುರಾಡುವ ಹಾಗಿಲ್ಲ.

ಏಳು ವರ್ಷದ ಹಿಂದೆ ಊರಿನ ಹಾಲ್ ಕುಸಿದು ಒಂಬತ್ತು ಜನ ಸತ್ತರು. ಅದರಲ್ಲಿ ಲುಪೆ ಅಜ್ಜಿಯ ಮಗನೂ ಒಬ್ಬ. ಅವನ ಮಗಳು ಎಸೆತಾ, ಕ್ಲಾಸಿನಲ್ಲಿ ಮಸೀನಾಳ ಪಕ್ಕ ಕೂರುವವಳು, ಜೀವದ ಗೆಳತಿ.

ಗಾಳಿಗೆ ಬಿತ್ತು ಎಂದೇ ಊರೆಲ್ಲ ನಂಬಿತ್ತು. ನಿನ್ನೆ ಚರ್ಚಿನಲ್ಲಿ ಸತ್ತವರ ಹೆಸರು ಓದುವಾಗ, ಬಡಗಿ ಪೆನಿ ತಾತ ಎದ್ದು ನಿಂತ. "ಗಾಳಿ ಅಲ್ಲ. ತೊಲೆಗೆ ಗೆದ್ದಲು ಹಿಡಿದಿತ್ತು. ನಾನು ನೋಡಿದ್ದೆ. ಹಬ್ಬ ಮುಗೀಲಿ, ಆಮೇಲೆ ಬದಲಾಯಿಸಿದ್ರಾಯ್ತು ಅಂತ ಪೇಂಟ್ ಬಳಿದುಬಿಟ್ಟೆ."

ಅಷ್ಟೇ. ಆಮೇಲೆ ಎಸೆತಾ ಮಸೀನಾಳ ಕಡೆ ತಿರುಗಿಯೂ ನೋಡಿಲ್ಲ.

"ಪೇಂಟ್ ತಾತ ಬೆಂದನೇನೋ, ನೋಡ್ರೋ!" ರಸ್ತೆಯಲ್ಲಿ ಹುಡುಗರು ಕೂಗಿದರು. ಠಪ್! ಮಸೀನಾಳ ಮೊಣಕಾಲಿನ ಪಕ್ಕದಲ್ಲೇ ಕಲ್ಲು ಬಿತ್ತು.

"ನೀನು ಸ್ಕೂಲಿಗೆ ಹೋಗು ಪುಟ್ಟಾ. ತಪ್ಪು ನಂದು," ಎಂದ ತಾತ.

"ಹೋಗಿ ಎಸೆತಾ ಪಕ್ಕ ಹೇಗೆ ಕೂತ್ಕೊಳ್ಲಿ?"



ಬಾಗಿಲು ಕಿರ್ರೆಂದಿತು. ಚಾಪೆಯ ಅಂಚಿನಡಿ ಎರಡು ಒಡೆದ ಹಿಮ್ಮಡಿ ಕಂಡವು. ಹಿಂದೆ ಎಸೆತಾಳ ಕೆಂಪು ಚಪ್ಪಲಿ.

"ಯಾವ ಬಣ್ಣ ಬಳಿದೆ, ಪೆನಿ?" ಲುಪೆ ಅಜ್ಜಿಯ ದನಿ.

"ನೀಲಿ, ಅಕ್ಕಾ."

"ಹಾಲ್ ಬೀಳೋ ಹಿಂದಿನ ದಿನ ನನ್ನ ಮಗ ಬಂದು ಹೇಳ್ದ. ಅಮ್ಮಾ, ಹಾಲ್ ಹೊಸದಾಗೋಗಿದೆ, ಬಂದು ನೋಡು ಅಂತ."

ತಾತ ಹಣೆಯನ್ನು ಇನ್ನಷ್ಟು ನೆಲಕ್ಕೆ ಒತ್ತಿದ.

"ಏಳು ವರ್ಷ ಸುಮ್ ಸುಮ್ನೆ ಗಾಳಿಗೆ ಶಾಪ ಹಾಕಿದ್ನಲ್ಲೋ, ಮುಠ್ಠಾಳ!" ಅಜ್ಜಿ ಕೂಗಿದಳು.

ಆಮೇಲೆ ಚಾಪೆ ಮೇಲೆದ್ದಿತು. ಕಣ್ಣು ಕುಕ್ಕುವ ಬಿಸಿಲು. ಅಜ್ಜಿ ತಾತನ ತೋಳು ಹಿಡಿದು, "ಏಳು. ಒಳಗೆ ಬಾ," ಎಂದಳು. ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು.

ಮಸೀನಾ ಓಡಿ ಹೋಗಿ ಎಸೆತಾಳ ಕೈ ಹಿಡಿದಳು. ಎಸೆತಾ ಕೈ ಬಿಡಿಸಿಕೊಂಡಳು.

"ನಾಳೆ ನನ್ನ ಪಕ್ಕ ಕೂತ್ಕೋಬೇಡ."

ನಾನೇನೇ ಮಾಡ್ದೆ ಎಂಬ ಮಾತು ಮಸೀನಾಳ ನಾಲಿಗೆ ತುದಿಗೆ ಬಂದಿತ್ತು. ಎಸೆತಾಳ ಕಣ್ಣುಗಳು ಅತ್ತು ಊದಿಕೊಂಡಿದ್ದವು. ಮಸೀನಾ ಮಾತನ್ನು ನುಂಗಿಕೊಂಡಳು.

"ಸರಿ. ಹಿಂದಿನ ಬೆಂಚಲ್ಲಿ ಇರ್ತೀನಿ," ಎಂದಳು. "ನೀನು ಕರೆಯೋವರೆಗೂ."